ಮರ ಎಣಿಸಿದಿರಿ, ಹೂವು?

99,330 ಮರ. ಸಂಡೂರಿನ ದೇವದಾರಿಯಲ್ಲಿ ಕಬ್ಬಿಣದ ಅದಿರಿಗಾಗಿ ಉರುಳಬೇಕಾದ ಮರಗಳ ಸರ್ಕಾರಿ ಲೆಕ್ಕ ಇದು. ಕಾಡು 401.57 ಹೆಕ್ಟೇರ್. ಆಹಾ, ಎಂಥ ಕರಾರುವಾಕ್ಕು! ಕೊನೆಯ ಮೂವತ್ತು ಮರವನ್ನೂ ಬಿಟ್ಟಿಲ್ಲ. ಹಾಗಾದರೆ ಸ್ವಾಮಿ, ಪೊದೆ ಎಷ್ಟು? ಜೇನುಹುಟ್ಟು ಎಷ್ಟು?

ಸಂಡೂರಿನ ಬೆಟ್ಟಸಾಲಿನಲ್ಲಿ ನೀಲಕುರುಂಜಿ ಇದೆ. ಅದನ್ನು ನೋಡಲು ಜನ ಮುನ್ನಾರಿಗೆ, ಮುಳ್ಳಯ್ಯನಗಿರಿಗೆ ಓಡುತ್ತಾರೆ; ಸಂಡೂರು ಅಂದರೆ ಅವರಿಗೆ ಲಾರಿ, ಕೆಂಧೂಳು. ಈ ಗಿಡ 12 ವರ್ಷ ಬದುಕಿ, ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಆ ವರ್ಷ ಜೇನಿಗೆ ಹಬ್ಬ. ಹನ್ನೊಂದನೇ ವರ್ಷ ಜೆಸಿಬಿ ಬೆಟ್ಟ ಹತ್ತಿತು ಅನ್ನಿ. ಹೂವಿಲ್ಲ, ಬೀಜವಿಲ್ಲ, ಬೀಜ ಬೀಳಬೇಕಿದ್ದ ಮಣ್ಣೂ ಇಲ್ಲ. ಕುರುಂಜಿ ಮರವಲ್ಲ, ಹಾಗಾಗಿ ಮರದ ಲೆಕ್ಕಕ್ಕೂ ಅದು ಬರುವುದಿಲ್ಲ. (ತಮಿಳರು ಇದನ್ನು ಮುರುಗನ ಹೂ ಅನ್ನುತ್ತಾರೆ. ನಮ್ಮ ಕುಮಾರಸ್ವಾಮಿ ಇದೇ ಬೆಟ್ಟದಲ್ಲಿ ಕೂತಿದ್ದಾನೆ. ಅವನಿಗೂ ಒಂದು ಮನವಿಪತ್ರ ಕೊಡಬೇಕೇನೋ.)

ಕುರುಂಜಿ ದೂರದ ಮಾತಾದರೆ ದಾರಿಬದಿಯ ತಂಗಡಿಯನ್ನೇ ನೋಡಿ. ಅದರ ಹಳದಿ ಹೂವಿನಲ್ಲಿ ಪರಾಗ ಹೊರಗೆ ಮೆತ್ತಿಕೊಂಡಿರುವುದಿಲ್ಲ. ಕೇಸರದ ತುದಿಯಲ್ಲಿ ಸಣ್ಣ ತೂತು, ಒಳಗೆ ಪುಡಿ, ಉಪ್ಪಿನ ಡಬ್ಬಿಯ ಹಾಗೆ. ಕರಿದುಂಬಿ ಬಂದು ಹೂವನ್ನು ಅವುಚಿ ಹಿಡಿದು, ರೆಕ್ಕೆ ಬಡಿಯದೆ ಮೈಯನ್ನೇ ಗುಂಯ್ಯೆಂದು ನಡುಗಿಸುತ್ತದೆ. ಪುಡಿ ಚಿಮ್ಮಿ ಅದರ ಹೊಟ್ಟೆಗೆ ಮೆತ್ತುತ್ತದೆ. ಹತ್ತಿರ ನಿಂತು ಕಿವಿಗೊಟ್ಟರೆ, ಹಾರುವಾಗಿನ ದನಿಗೂ ನಡುಗಿಸುವಾಗಿನ ದನಿಗೂ ಇರುವ ವ್ಯತ್ಯಾಸ ಕೇಳುತ್ತದೆ. ಈ ದುಂಬಿ ಮನೆ ಮಾಡುವುದು ಒಣಕೊಂಬೆ ಕೊರೆದು. ಅದಿರು ಲಾರಿ ಓಡಾಡುವ ದಾರಿಯಲ್ಲಿ ಅದೇ ತಂಗಡಿ ಕುಂಕುಮ ಎರಚಿದಂತೆ ನಿಂತಿರುತ್ತದೆ. ಪರಾಗ ಹಿಡಿಯುವ ಹೂವಿನ ತುದಿಗೆ, ಅಂದರೆ ಶಲಾಕಾಗ್ರಕ್ಕೆ, ಧೂಳು ಕೂತ ಮೇಲೆ ಪರಾಗ ಎಲ್ಲಿ ಕೂರಬೇಕು?

"ಬದಲಿ ಕಾಡು ಬೆಳೆಸ್ತೀವಿ" ಅನ್ನುತ್ತೀರಿ. ಕಂಡಿದ್ದೇವೆ ನಿಮ್ಮ ಕಾಡು: ಸಾಲಾಗಿ ಅಕೇಶಿಯಾ, ಗ್ಲಿರಿಸಿಡಿಯಾ. ಫೋಟೊಕ್ಕೆ ಸಾಕು. ಶಿವರಾತ್ರಿ ಹೊತ್ತಿಗೆ ಮುತ್ತುಗ, ಬೇಸಿಗೆಗೆ ಹೊಂಗೆ, ಕಕ್ಕೆ, ಹೀಗೆ ಒಂದು ಮುಗಿಯುವಾಗ ಇನ್ನೊಂದು ಅರಳಿದರೇ ತುಡುವೆ ಜೇನಿಗೆ ವರ್ಷವಿಡೀ ಊಟ. ನಡುವೆ ಎರಡು ತಿಂಗಳು ಬರಿದಾದರೆ ಜೇನು ಊರು ಬಿಡುತ್ತದೆ. ಜೇನಿಲ್ಲದೆ ಕೆಳಗಿನ ಎರೆಹೊಲದಲ್ಲಿ ಸೂರ್ಯಕಾಂತಿ ಜೊಳ್ಳಾದಾಗ ರೈತ ಬೀಜದಂಗಡಿಯವನನ್ನು ಬೈಯುತ್ತಾನೆ.

ಇದು ಹೊಸ ಪಾಠವೂ ಅಲ್ಲ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಗಣಿ ವರದಿ ಕೊಟ್ಟರು; ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಈಗ ದೇವದಾರಿ ಬೇಕಾಗಿರುವುದು, 2005ರ ಕೊನೆಗೆ ಅದೇ ಕೋರ್ಟಿನ ಆದೇಶದಂತೆ ಕುದುರೆಮುಖದ ಗಣಿ ಮುಚ್ಚಿದ ಕೇಂದ್ರ ಸರ್ಕಾರದ ಕಂಪನಿ ಕೆಐಒಸಿಎಲ್‌ಗೆ! 2024ರಲ್ಲಿ ಕೇಂದ್ರ ಸಚಿವರು ಈ ಗಣಿಯ ಕಡತಕ್ಕೆ ಸಹಿ ಹಾಕಿದರು, ರಾಜ್ಯದ ಅರಣ್ಯ ಸಚಿವರು ಜಾಗ ಬಿಟ್ಟುಕೊಡಬೇಡಿ ಅಂದರು. ಅವರ ಜಗಳವೂ ಮರದ ಸಂಖ್ಯೆ ಹಿಡಿದೇ ನಡೆಯಿತು.

ಪಟ್ಟಿ ಮತ್ತೊಮ್ಮೆ ಮಾಡಿ. ಈ ಸಲ ಹೂ ಬಿಡುವ ಕಾಲಕ್ಕೆ ಬನ್ನಿ, ಜೀಪು ಕೆಳಗೇ ಬಿಟ್ಟು ನಡೆದು ಹತ್ತಿ. ಟೇಪು ಬೇಡ.