ಕಾವಲಿದ್ದರೆ ಸಾಲದು, ಕಣ್ಣೂ ಬೇಕು

ನಮ್ಮ ಹುನ್ನೂರಿನಂಥ ಊರುಗಳಲ್ಲಿಯೂ ಇಂದು ರೈತನ ಉತಾರ, ವಿದ್ಯಾರ್ಥಿಯ ಶಿಷ್ಯವೇತನದ ಅರ್ಜಿ ಎಲ್ಲವೂ ಕಂಪ್ಯೂಟರಿನ ಮೂಲಕವೇ ಸಾಗುತ್ತವೆ. ದೂರದಿಂದ ಅದರೊಳಗೆ ನುಗ್ಗಲು ಯತ್ನಿಸುವವರನ್ನು ಗುರುತಿಸುವ ತಂತ್ರಾಂಶವನ್ನು ಹಾಕಿಸಿದೊಡನೆ ಕೆಲಸ ಮುಗಿಯಿತೆಂದು ಹಲವರು ನಂಬುತ್ತಾರೆ. ಈ ನಂಬಿಕೆ ತರವಲ್ಲ.

ವಿಂಡೋಸ್‌ನಲ್ಲಿ ದೂರದಿಂದ ಒಳಬರುವ ಬಾಗಿಲು ಸಾಮಾನ್ಯವಾಗಿ 3389ನೆಯ ಪೋರ್ಟು. ಅದು ಬೇಡವಾದರೆ ಮುಚ್ಚುವುದೇ ಮೊದಲ ಕೆಲಸ. ಬೇಕಾದರೆ, ಪಾಸ್‌ವರ್ಡ್ ಎಷ್ಟು ಸಲ ತಪ್ಪಿದಾಗ ತಡೆಯಬೇಕೆಂಬುದನ್ನು ವಿಚಾರಮಾಡಿ ಗೊತ್ತುಪಡಿಸಬೇಕು. ಮಿತಿ ಒಂದಾದರೆ ಮಾಲಕನೇ ಹೊರಗುಳಿದಾನು. ನೂರಾದರೆ ಕಳ್ಳನಿಗೆ ನೂರು ಅವಕಾಶ. ಮೈಕ್ರೋಸಾಫ್ಟ್ 2022ರಲ್ಲಿ ವಿಂಡೋಸ್ 11ಕ್ಕೆ ಹತ್ತು ತಪ್ಪಿಗೆ ಹತ್ತು ನಿಮಿಷದ ತಡೆಯನ್ನು ಇಟ್ಟಿತು. ದಾಖಲಿಸುವ ಏರ್ಪಾಡು ತೆರೆದಿದ್ದರೆ ತಪ್ಪಿದ ಪ್ರತಿ ಯತ್ನವೂ 4625 ಎಂಬ ಸಂಖ್ಯೆಯಡಿ ಬರೆದಿರುತ್ತದೆ. ಓದುವವರಿಲ್ಲದಿದ್ದರೆ ಆ ಬರಹ ವ್ಯರ್ಥ.

ಇನ್ನು, ರಿಜರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲಿ ಎಚ್ಚರಿಸಿದ ಎನಿಡೆಸ್ಕ್ ವಂಚನೆಯಲ್ಲಿ ಒಡೆಯನೇ ಮೋಸಗಾರನಿಗೆ ಸಂಖ್ಯೆ ಹೇಳಿ ಬಾಗಿಲು ತೆರೆಯುತ್ತಾನೆ. ತಪ್ಪು ಪಾಸ್‌ವರ್ಡ್ ಎಣಿಸುವ ಕಾವಲು ಅಲ್ಲಿ ಕೂಗದು.

ಕಲಾವಿಭಾಗದವನಿಗೆ ಇದರ ಗೊಡವೆ ಏಕೆ? ನಮ್ಮ ಮನೆತನದಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲಿಗ. ಓದಿದವರೆಂದು ಊರವರು ನಮ್ಮ ಕೈಗೆ ಪಾಸ್‌ವರ್ಡನ್ನೂ ಕೊಡುತ್ತಾರೆ. ಆ ವಿಶ್ವಾಸವನ್ನು ಕಾಯುವುದು ಪದವೀಧರರ ಹೊಣೆಯೆಂದೇ ನನ್ನ ಅಭಿಪ್ರಾಯ.