ಔಷಧದಾನಕ್ಕೆ ಮೊದಲು

ಟ್ರಾಂಬೆಯ ಕಡೆಯ ಕಾರ್ಖಾನೆಗಳಲ್ಲಿ ಅಪಾಯಕರ ರಾಸಾಯನಿಕಗಳ ನಡುವೆ ದುಡಿಯುವ ನೌಕರನನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ವೈದ್ಯರು ಪರೀಕ್ಷಿಸಬೇಕೆಂಬ ಕಟ್ಟಳೆ ಬಂದುದು 1987ರಲ್ಲಿ. ಭೋಪಾಲ ದುರಂತದ ಬಳಿಕ ಕಾರ್ಖಾನೆಗಳ ಕಾಯಿದೆಗೆ ತಂದ ತಿದ್ದುಪಡಿಯ ಫಲವದು. ನೌಕರನಿಗೆ ಇಷ್ಟವಿರಲಿ ಇಲ್ಲದಿರಲಿ, ವರ್ಷಕ್ಕೊಮ್ಮೆ ಅವನ ದೇಹಸ್ಥಿತಿ ಕಾಗದದ ಮೇಲೆ ದಾಖಲಾಗುತ್ತದೆ. ಅಲ್ಲಿಂದ ಕೆಲವೇ ಮೈಲು ಈಚೆಗೆ, ಚೆಂಬೂರು ನಿಲ್ದಾಣದ ಬಳಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ದಿನಕ್ಕೆ ಹದಿನಾಲ್ಕು ಗಂಟೆ ಕುಳಿತಿರುವ ಅವನ ಅಣ್ಣನಿಗೆ ಅಂಥ ಕಟ್ಟಳೆ ಯಾವುದೂ ಇಲ್ಲ. ಆತ ಕುಸಿದು ಬಿದ್ದ ದಿನವೇ ಆತನ ಮೊದಲ ತಪಾಸಣೆಯ ದಿನ.

ಚೆಂಬೂರಿನ ಕನ್ನಡಿಗರ ಬದುಕು ಬಹುಕಾಲದಿಂದ ಈ ಎರಡು ಕವಲುಗಳಲ್ಲಿ ಹರಿದಿದೆ. 1954ರಲ್ಲಿ ಟ್ರಾಂಬೆಯಲ್ಲಿ ಅಣುಶಕ್ತಿ ಸಂಸ್ಥೆ ನೆಲೆಗೊಂಡಿತು. ಅದೇ ದಶಕದಲ್ಲಿ ತೈಲ ಶುದ್ಧೀಕರಣ ಘಟಕಗಳು, ಮುಂದಿನ ದಶಕದಲ್ಲಿ ರಸಗೊಬ್ಬರ ಕಾರ್ಖಾನೆ ಬಂದವು. ಓದಿದವರು ಅತ್ತ ನಡೆದರು. ಉಳಿದವರು ಹೋಟೆಲು, ಅಂಗಡಿ, ಸಣ್ಣ ವ್ಯಾಪಾರಗಳನ್ನು ಹಿಡಿದರು. ಈ ಜನಸಮುದಾಯದಲ್ಲಿ ಎಣಿಕೆಗೆ ಅಲ್ಪವಾದರೂ ಮೂಡುಬಿದಿರೆ, ಕಾರ್ಕಳ, ಬೆಳಗಾವಿ ಕಡೆಯ ಜೈನ ಕುಟುಂಬಗಳೂ ಸೇರಿವೆ. ಮೊದಲ ಕವಲಿನವರಿಗೆ ಸಂಸ್ಥೆಯ ಆಸ್ಪತ್ರೆಯೂ ನಿವೃತ್ತಿಯ ನಂತರದ ವೈದ್ಯಕೀಯ ಸೌಲಭ್ಯವೂ ದೊರೆತವು. ಎರಡನೆಯ ಕವಲಿನವರಿಗೆ ದೊರೆತುದು ಸ್ವಾತಂತ್ರ್ಯ. ಅದರೊಳಗೆ ತಮ್ಮ ದೇಹವನ್ನು ಅಲಕ್ಷಿಸುವ ಸ್ವಾತಂತ್ರ್ಯವೂ ಅಡಗಿತ್ತು.

ಗಂಡಸು ವೈದ್ಯರ ಬಾಗಿಲಿಗೆ ಹೋಗದಿರುವುದಕ್ಕೆ ಎಲ್ಲ ಸಮಾಜಗಳಲ್ಲಿಯೂ ಕಾರಣಗಳಿವೆ. ದಿನದ ದುಡಿಮೆ ತಪ್ಪೀತೆಂಬ ಲೆಕ್ಕ, ಏನಾದರೂ ಹೊರಬಿದ್ದೀತೆಂಬ ಅಂಜಿಕೆ, 'ನನಗೇನಾಗಿದೆ' ಎಂಬ ಬಿಗುಮಾನ. ಹೆಣ್ಣುಮಕ್ಕಳು ಬಸಿರು-ಬಾಣಂತನದ ನೆಪದಲ್ಲಾದರೂ ರಕ್ತಪರೀಕ್ಷೆಗೆ, ಒತ್ತಡದ ಅಳತೆಗೆ ಒಳಗಾಗುತ್ತಾರೆ. ಗಂಡಸಿಗೆ ಆ ನೆಪವೂ ಇಲ್ಲ. ಜೈನ ಗಂಡಸಿಗಾದರೋ ಇವೆಲ್ಲದರ ಮೇಲೆ ಮತ್ತೊಂದು ರಕ್ಷಾಕವಚವುಂಟು: ಮಾಂಸ ಮುಟ್ಟಿಲ್ಲ, ಮದ್ಯ ಮುಟ್ಟಿಲ್ಲ, ನೀರನ್ನೂ ಸೋಸಿ ಕುಡಿಯುವ ಮನೆತನ, ರೋಗ ಎಲ್ಲಿಂದ ಬರಬೇಕು?

ರೋಗ ಬರುವ ದಾರಿಗಳನ್ನು ವೈದ್ಯಶಾಸ್ತ್ರ ಸಾಕಷ್ಟು ಸ್ಪಷ್ಟವಾಗಿ ಗುರುತಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು 10 ಕೋಟಿಗೂ ಮಿಕ್ಕಿದ್ದಾರೆ. ಮಧುಮೇಹದ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ವಯಸ್ಕರಲ್ಲಿ ಮೂವರಿಗೊಬ್ಬರಿಗಿಂತ ಅಧಿಕ ಮಂದಿಗೆ ರಕ್ತದೊತ್ತಡವಿದೆ. ಈ ಎರಡು ಕಾಯಿಲೆಗಳೂ ವರ್ಷಗಟ್ಟಲೆ ನೋವನ್ನಾಗಲಿ ಜ್ವರವನ್ನಾಗಲಿ ತೋರದೆ ಹೃದಯ, ಮೂತ್ರಪಿಂಡ, ಕಣ್ಣು, ನರಗಳನ್ನು ಸವೆಸುತ್ತ ಹೋಗುತ್ತವೆ. ತುಪ್ಪದ ಹೋಳಿಗೆ, ಕರಿದ ತಿಂಡಿ, ಬಿಳಿ ಅಕ್ಕಿಯ ರಾಶಿ ಇವೆಲ್ಲ ನಿರ್ಮಾಂಸವೇ. ಸೊಂಟದ ಸುತ್ತಳತೆಗೆ ಆ ವಿವೇಚನೆಯಿಲ್ಲ. ಭಾರತೀಯ ಗಂಡಸಿನಲ್ಲಿ ಆ ಅಳತೆ 90 ಸೆಂಟಿಮೀಟರನ್ನು ದಾಟಿದರೆ ಅಪಾಯ ಹೆಚ್ಚುತ್ತದೆಂದು ವೈದ್ಯರು ಎಣಿಸುತ್ತಾರೆ. ಅದನ್ನು ತಿಳಿಯಲು ಬೇಕಾದುದು ದರ್ಜಿಯ ಟೇಪು ಮಾತ್ರ.

ಶಾಕಾಹಾರಿಯ ಮೇಜಿನ ಇನ್ನೊಂದು ಕೊರತೆ ಬಿ12 ಜೀವಸತ್ತ್ವ. ಪಾದದ ಜೋಮು, ಮರೆವು, ಕಾರಣವಿಲ್ಲದ ದಣಿವುಗಳನ್ನು 'ವಯಸ್ಸಾಯಿತು' ಎಂದು ತಳ್ಳಿಹಾಕುವ ಹಿರಿಯರಲ್ಲಿ ಹಲವರಿಗೆ ಬೇಕಾದುದು ಒಂದು ರಕ್ತಪರೀಕ್ಷೆ, ಕೆಲವು ಮಾತ್ರೆಗಳು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಈ ಕೊರತೆ ಇನ್ನೂ ಹೆಚ್ಚು.

ಶ್ರಾವಕಾಚಾರವನ್ನು ರೂಪಿಸಿದವರು ದೇಹದ ಬಗೆಗೆ ಅಷ್ಟು ಅಲಕ್ಷ್ಯ ತೋರಿದವರಲ್ಲ. ಸೂರ್ಯಾಸ್ತದ ಬಳಿಕ ಉಣ್ಣಬಾರದೆಂಬ ನಿಯಮ ಅಹಿಂಸೆಯಿಂದ ಹುಟ್ಟಿದುದಾದರೂ ಅದರಿಂದ ಹೊಟ್ಟೆಗೂ ಉಪಕಾರವಾಗುತ್ತಿತ್ತು. ಇಂದು ಅದು ಚೆಂಬೂರಿನ ಎಷ್ಟು ಮನೆಗಳಲ್ಲಿ ಉಳಿದಿದೆ? ಹಾರ್ಬರ್ ಮಾರ್ಗದ ರೈಲಿನಲ್ಲಿ ತೂಗಾಡುತ್ತ ಒಂಬತ್ತಕ್ಕೆ ಮನೆ ಸೇರುವವನು ಹತ್ತಕ್ಕೆ ಉಣ್ಣುತ್ತಾನೆ, ಹನ್ನೊಂದಕ್ಕೆ ಮಲಗುತ್ತಾನೆ. ಪರ್ವದ ದಿನಗಳಲ್ಲಿ ಮಾತ್ರ ರಾತ್ರಿಭೋಜನ ತ್ಯಾಗದ ನೆನಪಾಗುತ್ತದೆ. ಊಟಕ್ಕೂ ನಿದ್ರೆಗೂ ನಡುವೆ ಎರಡು-ಮೂರು ಗಂಟೆಯ ಅಂತರವಿರಲೆಂದು ಇಂದಿನ ವೈದ್ಯರು ಹೇಳಿದಾಗ ಅದು ಹೊಸ ಉಪದೇಶವೆಂಬಂತೆ ಕೇಳಿಸುವುದು ವಿಚಿತ್ರವೇ ಸರಿ.

ಹೊಗೆಸೊಪ್ಪಿನ ವಿಚಾರದಲ್ಲಿ ಸಮಾಜದ ಮೌನ ಇದಕ್ಕಿಂತ ಗಂಭೀರವಾದುದು. ಸಪ್ತವ್ಯಸನಗಳ ಪಟ್ಟಿಯನ್ನು ಪಾಠಶಾಲೆಯ ಮಗುವೂ ಒಪ್ಪಿಸುತ್ತದೆ: ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ. ಹೊಗೆಸೊಪ್ಪು ಅದರಲ್ಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಆ ಗಿಡ ಪೋರ್ಚುಗೀಸರ ಮೂಲಕ ಈ ನೆಲಕ್ಕೆ ಬಂದುದು ಬಹಳ ತಡವಾಗಿ. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ವಿಸ್ತಾರವಾಗಿ ಕನ್ನಡದಲ್ಲಿ ನಿರೂಪಿಸಿದ. ಹೊಗೆಸೊಪ್ಪನ್ನು ಕಂಡಿದ್ದರೆ ಅದಕ್ಕೂ ಒಂದೆರಡು ಪದ್ಯ ಮೀಸಲಿಡುತ್ತಿದ್ದನೇನೋ. ಪಟ್ಟಿಯಲ್ಲಿ ಇಲ್ಲವೆಂಬ ಸಮಾಧಾನದಲ್ಲಿ ವ್ರತನಿಷ್ಠನೆನಿಸಿಕೊಂಡ ಗೃಹಸ್ಥನ ದವಡೆಯಲ್ಲಿ ತಂಬಾಕಿನ ಗುಳಿಗೆ ನೆಮ್ಮದಿಯಾಗಿ ಕುಳಿತಿದೆ. ಮಹಾರಾಷ್ಟ್ರ ಸರಕಾರ 2012ರಲ್ಲಿ ಗುಟ್ಕಾ ನಿಷೇಧಿಸಿತು. ಪಾನಿನ ಅಂಗಡಿಗಳಲ್ಲಿ ಅಡಿಕೆಯ ಪೊಟ್ಟಣವೊಂದು, ತಂಬಾಕಿನ ಪೊಟ್ಟಣವೊಂದು ಬೇರೆ ಬೇರೆಯಾಗಿ ತೂಗಾಡತೊಡಗಿದವು. ಬೆರೆಸುವ ಕೆಲಸ ಗಿರಾಕಿಯದಾಯಿತು.

ಅಡಿಕೆಯ ನಾಡಿನಿಂದ ಬಂದವರಿಗೆ ಕಹಿಯೆನಿಸಬಹುದಾದ ಮಾತೊಂದಿದೆ. ತಂಬಾಕು ಬೆರೆಯದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಅವರ ಪರವಾಗಿ ಸಂಸದರು ದೆಹಲಿಗೆ ದೂರನ್ನೂ ಒಯ್ಯುತ್ತಾರೆ. ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವುದು ಬಾಯಿಯ ಕ್ಯಾನ್ಸರ್ ಎಂಬುದು ಆ ವಾದದಿಂದ ಬದಲಾಗದು. ಬಾಯಿ ಪೂರ್ತಿ ತೆರೆಯಲಾಗದಿರುವುದು, ಕೆನ್ನೆಯ ಒಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇವು ಅದರ ಮುನ್ಸೂಚನೆಗಳು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಬಹುಮಂದಿ ಈ ಸೂಚನೆಗಳನ್ನು ಕಡೆಗಣಿಸಿ, ಕಾಯಿಲೆ ಬಲಿತ ಮೇಲೆ ಬಂದವರು. ದಂತವೈದ್ಯರೊಬ್ಬರು ಟಾರ್ಚ್ ಹಿಡಿದು ಐದು ನಿಮಿಷ ನೋಡಿದ್ದರೆ ಸಾಕಿತ್ತು.

ಉಪವಾಸದ ವಿಚಾರವನ್ನು ಎತ್ತಿದರೆ ಶ್ರದ್ಧೆಗೆ ಕೈಹಾಕಿದಂತೆ ಭಾವಿಸುವವರುಂಟು. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದವರಿಗೆ ಸನ್ಮಾನ, ಮೆರವಣಿಗೆ, ಭಾವಚಿತ್ರ ಸಹಿತ ಅಭಿನಂದನೆ ನಡೆಯುತ್ತವೆ. ಅವರಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರೂ ಇರುತ್ತಾರೆ. ಕೆಲವು ಮಾತ್ರೆಗಳನ್ನು ನುಂಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಥಟ್ಟನೆ ಕುಸಿದು ಎಚ್ಚರ ತಪ್ಪುತ್ತದೆ. ಮಾತ್ರೆಯನ್ನೂ ಬಿಟ್ಟರೆ ಇನ್ನೊಂದು ಬಗೆಯ ಅಪಾಯ. ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಸೇರಿಸುವಾಗ ಆಚಾರ್ಯರು ಅದಕ್ಕೆ ಶಕ್ತಿಯ ಮಿತಿಯನ್ನು ಜೋಡಿಸಿಯೇ 'ಶಕ್ತಿತಸ್ತಪ'ವೆಂದು ಹೆಸರಿಟ್ಟರು. ತನ್ನ ಶಕ್ತಿಯೆಷ್ಟೆಂದು ಅಳೆಯದೆ ಕೈಗೊಂಡ ತಪಸ್ಸು ಆ ಹೆಸರಿಗೆ ಹೊಂದುವುದು ಹೇಗೆ? ಪರ್ವಕ್ಕೆ ಎರಡು ವಾರ ಮೊದಲು ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಹೊಂದಿಸಿಕೊಳ್ಳಿರೆಂದು ಪೀಠದಿಂದ, ಪ್ರವಚನ ವೇದಿಕೆಯಿಂದ ಒಂದು ಮಾತು ಹೊರಟರೆ ಅದರ ತೂಕವೇ ಬೇರೆ. ಸನ್ಮಾನ ಸಮಿತಿಗಳೂ ಆ ಬಳಿಕವೇ ಶಾಲು ತರಿಸಲಿ.

ಇನ್ನು ಗಂಡಸರು ಹೆಂಡತಿಯ ಮುಂದೆಯೂ ಆಡದ ತೊಂದರೆಗಳಿವೆ. ಐವತ್ತು ದಾಟಿದ ಮೇಲೆ ರಾತ್ರಿ ಮೂರು-ನಾಲ್ಕು ಸಲ ಏಳಬೇಕಾಗುವುದು, ಮೂತ್ರದ ಧಾರೆ ಸೊರಗುವುದು ಹೆಚ್ಚಾಗಿ ಪ್ರಾಸ್ಟೇಟ್ ಗ್ರಂಥಿಯ ಸಾಮಾನ್ಯ ಊತದಿಂದ. ಅದಕ್ಕೆ ಸುಲಭ ಚಿಕಿತ್ಸೆಯಿದೆ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು. ದಾಂಪತ್ಯದಲ್ಲಿ ಎದುರಾಗುವ ದೌರ್ಬಲ್ಯ ಎಷ್ಟೋ ಸಲ ಹೃದಯದ ರಕ್ತನಾಳಗಳು ಕಟ್ಟಿಕೊಳ್ಳುತ್ತಿರುವುದರ ಮೊದಲ ಸುಳಿವು. ಅದನ್ನು ರಹಸ್ಯವಾಗಿಟ್ಟು ಜಾಹೀರಾತಿನ ಲೇಹ್ಯ ತರಿಸುವವನು ವರ್ಷಗಳ ಅವಕಾಶವನ್ನು ಕಳೆದುಕೊಳ್ಳುತ್ತಾನೆ.

ತಪಾಸಣೆಯೆಂದರೆ ಎಪ್ಪತ್ತು-ಎಂಬತ್ತು ಪರೀಕ್ಷೆಗಳ ರಿಯಾಯಿತಿ ಪ್ಯಾಕೇಜು ಕೊಳ್ಳುವುದೆಂಬ ಭ್ರಮೆಯೂ ನಗರಗಳಲ್ಲಿ ಬೆಳೆದಿದೆ. ಅದರಲ್ಲಿ ಬಹುಪಾಲು ವ್ಯಾಪಾರ. ಪ್ರಾಸ್ಟೇಟಿನ ಪಿಎಸ್ಎ ಪರೀಕ್ಷೆಯಂಥದನ್ನು ವೈದ್ಯರೊಡನೆ ಸಮಾಲೋಚಿಸದೆ ಮಾಡಿಸಿಕೊಂಡರೆ ಅನವಶ್ಯ ಗಾಬರಿಯೇ ಫಲವಾದೀತು. ಮೂವತ್ತು ದಾಟಿದವನಿಗೆ ರಕ್ತದೊತ್ತಡ, ರಕ್ತದ ಸಕ್ಕರೆ, ಕೊಬ್ಬಿನಂಶ, ಸೊಂಟದಳತೆ, ಬಾಯಿಯ ಪರೀಕ್ಷೆ. ಮಧುಮೇಹಿಗೆ ಇವುಗಳ ಜೊತೆಗೆ ಕಣ್ಣು, ಪಾದ, ಮೂತ್ರಪಿಂಡ. ಇಷ್ಟು ಸಾಕು, ಆದರೆ ಪ್ರತಿ ವರ್ಷವೂ ಬೇಕು. ಹೊಸ್ತಿಲಲ್ಲಿ ನಿಂತವನನ್ನು ಹಿಂದಕ್ಕೆ ಕರೆತರಬಹುದೆಂಬುದಕ್ಕೆ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ. ಮಧುಮೇಹಕ್ಕೆ ಸಮೀಪವಿದ್ದವರಲ್ಲಿ ಯಾವ ಬದಲಾವಣೆಯನ್ನೂ ಮಾಡಿಕೊಳ್ಳದವರ ಪೈಕಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿ ರೋಗಿಗಳಾದರು. ನಡಿಗೆ ಮತ್ತು ಆಹಾರಕ್ರಮವನ್ನು ತಿದ್ದಿಕೊಂಡವರಲ್ಲಿ ಆ ಸಂಖ್ಯೆ 39ರ ಆಸುಪಾಸಿನಲ್ಲಿ ನಿಂತಿತು.

ಹೀಗಿರುವಾಗ ಸಮಾಜದ ಹಣ ಎತ್ತ ಹರಿಯುತ್ತಿದೆ? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೆ ಸ್ಥಾನವಿತ್ತವರು ಜೈನರು. ರಾಷ್ಟ್ರಕೂಟರ ಕಾಲದಲ್ಲಿ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥ ರಚಿಸಿದ ಉಗ್ರಾದಿತ್ಯಾಚಾರ್ಯರು ಔಷಧದಲ್ಲಿ ಮಾಂಸದ ಬಳಕೆ ಅನವಶ್ಯವೆಂದು ವಾದಿಸಿದ ಪರಂಪರೆಯಿದು. ಇಂದು ಔಷಧದಾನವೆಂದರೆ ಬೈಪಾಸ್ ಶಸ್ತ್ರಚಿಕಿತ್ಸೆಗೆ, ಡಯಾಲಿಸಿಸ್‌ಗೆ ನೆರವು ಕೋರುವ ವಾಟ್ಸ್ಆ್ಯಪ್ ಮನವಿ. ಊರಿನವರೂ ಮುಂಬಯಿಯವರೂ ಮಸ್ಕತ್ತು, ದುಬೈಗಳಲ್ಲಿರುವವರೂ ಉದಾರವಾಗಿ ಕೊಡುತ್ತಾರೆ. ಆ ಔದಾರ್ಯವನ್ನು ಅಲ್ಲಗಳೆಯಲಾಗದು. ಆದರೆ ಒಬ್ಬನ ಶಸ್ತ್ರಚಿಕಿತ್ಸೆಗೆ ಕೂಡುವ ಲಕ್ಷಗಳಲ್ಲಿ ಒಂದು ಪಾಲು ಹತ್ತು ವರ್ಷ ಮೊದಲೇ ವ್ಯಯವಾಗಿದ್ದರೆ ಆ ಮನವಿಯ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ತಪಾಸಣೆಗೆ ಹಣ ಕೊಟ್ಟ ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತುವ ವಾಡಿಕೆಯಿಲ್ಲ; ತಪ್ಪಿಹೋದ ಹೃದಯಾಘಾತಕ್ಕೆ ಭಾವಚಿತ್ರವೂ ಇರುವುದಿಲ್ಲ. ಧರ್ಮಸ್ಥಳದ ಆಶ್ರಯದಲ್ಲಿ ನಡೆದು ಬಂದಿರುವ ಮದ್ಯವರ್ಜನ ಶಿಬಿರಗಳು ಗಂಡಸರ ಚಟವನ್ನು ಖಾಸಗಿ ನಾಚಿಕೆಯಾಗಿ ಉಳಿಸದೆ ಊರೆಲ್ಲ ಸೇರಿ ಬಿಡಿಸಬೇಕಾದ ಕೆಲಸವಾಗಿ ಮಾಡಿದವು. ತಂಬಾಕಿಗೂ ಸಕ್ಕರೆಗೂ ಆ ಮಾರ್ಗ ಏಕೆ ಒದಗಬಾರದು?

ಸರಕಾರಗಳ ಲೆಕ್ಕವೂ ಇದೇ ಜಾಡಿನದು. ಮಹಾತ್ಮ ಜ್ಯೋತಿಬಾ ಫುಲೆ ಜನಾರೋಗ್ಯ ಯೋಜನೆ ಆಸ್ಪತ್ರೆಗೆ ಸೇರಿದವನಿಗೆ ಐದು ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಸೇರದಂತೆ ನೋಡಿಕೊಳ್ಳುವವನಿಗೆ ಅಲ್ಲಿ ಏನೂ ಇಲ್ಲ. ಆದಾಯ ತೆರಿಗೆಯಲ್ಲಿ ತಪಾಸಣೆಯ ವೆಚ್ಚಕ್ಕೆ ಇದ್ದ ಐದು ಸಾವಿರ ರೂಪಾಯಿಯ ಸಣ್ಣ ವಿನಾಯಿತಿ ಹೊಸ ತೆರಿಗೆ ಪದ್ಧತಿಯನ್ನು ಆಯ್ದವರಿಗೆ ದಕ್ಕುವುದಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಸಂಪನ್ಮೂಲದ ಮೂರನೆಯ ಎರಡು ಪಾಲು ಪ್ರಾಥಮಿಕ ಆರೋಗ್ಯಕ್ಕೆ ಸಲ್ಲಬೇಕೆಂದಿತ್ತು. ಮತ ಕೇಳುವಾಗ ಅದರ ಪ್ರಸ್ತಾಪವಿಲ್ಲ, ಹೊಸ ಆಸ್ಪತ್ರೆಯ ಶಿಲಾನ್ಯಾಸದ್ದೇ ಭರಾಟೆ. ಮುಂಬಯಿ ಪಾಲಿಕೆಯಂತೂ 2022ರ ಮಾರ್ಚಿನ ಬಳಿಕ ಮೂರು ವರ್ಷಕ್ಕೂ ಮಿಕ್ಕಿ ಚುನಾಯಿತ ಸದಸ್ಯರೇ ಇಲ್ಲದೆ ನಡೆಯಿತು. ಚೆಂಬೂರಿನ ಮಗ್ಗುಲಲ್ಲೇ ಇರುವ ಮಾಹುಲಿನ ಗಾಳಿಯನ್ನು ಕೆಡಿಸಿದ್ದಕ್ಕೆ ಹಸಿರು ನ್ಯಾಯಮಂಡಳಿ 2020ರಲ್ಲಿ ತೈಲ ಮತ್ತು ಸಂಗ್ರಹಣಾ ಕಂಪನಿಗಳ ಮೇಲೆ ಒಟ್ಟು 286 ಕೋಟಿ ರೂಪಾಯಿ ಹೊಣೆ ಹೊರಿಸಿತು. ಆ ಗಾಳಿಯನ್ನು ಉಸಿರಾಡುವವರ ಶ್ವಾಸಕೋಶಗಳ ನಿಯತ ಪರೀಕ್ಷೆಯನ್ನು ಕೇಳಿ ಬೀದಿಗಿಳಿದ ಪಕ್ಷವನ್ನು ಹುಡುಕಬೇಕು.

ಬೀದಿಗಿಳಿಯುವ ಮಾತು ಬಂದಾಗ 2025ರ ಆಗಸ್ಟ್ ತಿಂಗಳನ್ನು ಮರೆಯಲಾಗದು. ದಾದರಿನ ಕಬೂತರಖಾನೆಗೆ ಪಾಲಿಕೆ ಹೊದಿಸಿದ್ದ ತಾಡಪಾಲನ್ನು ಪ್ರತಿಭಟನಕಾರರು ಕಿತ್ತೆಸೆದರು. ಅವರಲ್ಲಿ ಜೈನರೂ ಇದ್ದರು. ಪಾರಿವಾಳಕ್ಕೆ ಕಾಳು ಹಾಕುವ ಕರುಣೆ ದೊಡ್ಡದು. ಅದರ ಹಿಕ್ಕೆಯ ಧೂಳಿನಿಂದ ಕೆಲವರ ಶ್ವಾಸಕೋಶ ಗಟ್ಟಿಯಾಗಿ, ಮತ್ತೆ ಸರಿಹೋಗದಂತೆ ಕೆಡುತ್ತದೆಂಬುದೂ ನಿಜ. ಅಭಯದಾನ ಎಂಬ ಪದದಲ್ಲಿ ಎದುರುಮನೆಯ ಆಸ್ತಮಾ ರೋಗಿಗೂ ಪಾಲಿದೆ. ಅಂದು ಅಷ್ಟು ಜನರನ್ನು ಒಂದೇ ಬೆಳಗ್ಗೆ ಒಂದೆಡೆ ಸೇರಿಸಬಲ್ಲ ಸಂಘಟನಾಶಕ್ತಿ ವರ್ಷಕ್ಕೊಂದು ಭಾನುವಾರ ಅಷ್ಟೇ ಗಂಡಸರನ್ನು ರಕ್ತದೊತ್ತಡದ ಯಂತ್ರದ ಮುಂದೆ ಕೂರಿಸಲಾರದೆ?

ಅದಕ್ಕೆ ಬೇಕಾದ ಸಲಕರಣೆ ಅಲ್ಪ: ಒತ್ತಡ ಅಳೆಯುವ ಯಂತ್ರ, ಸಕ್ಕರೆ ನೋಡುವ ಗ್ಲೂಕೋಮೀಟರ್, ಅಳತೆಯ ಟೇಪು, ಒಂದು ಟಾರ್ಚ್, ಮತ್ತು ಸಮಾಜದಲ್ಲೇ ಇರುವ ಇಬ್ಬರು ವೈದ್ಯರು. ಸ್ಥಳಕ್ಕೆ ಬಸದಿಯ ಸಭಾಂಗಣವಾದೀತು, ಊರಿನ ಕರ್ನಾಟಕ ಸಂಘದ ಕೋಣೆಯಾದೀತು. ದಶಲಕ್ಷಣದ ಉತ್ತಮ ಸಂಯಮದ ದಿನ ಅದಕ್ಕೆ ಒಪ್ಪುತ್ತದೆ, ಉಪವಾಸಿಗಳಿಗಾದರೆ ಅದಕ್ಕೆ ಮೊದಲೇ. ಸಂಖ್ಯೆಗಳನ್ನು ಬರೆದುಕೊಂಡ ಚೀಟಿ ಮನೆಯ ಹೆಂಗಸರ ಕೈ ಸೇರಿದರೆ ಮುಂದಿನ ವರ್ಷ ಜ್ಞಾಪಿಸುವ ಚಿಂತೆಯಿಲ್ಲ. ಹೋಟೆಲು ನಡೆಸುವ ಶ್ರಾವಕರು ತಮ್ಮ ಜೊತೆ ಅಡುಗೆಭಟ್ಟರನ್ನೂ ಸಪ್ಲೈಯರ್ ಹುಡುಗರನ್ನೂ ಕರೆತರಬೇಕು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆ ನಲವತ್ತು ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯನ್ನು ಮಾಲೀಕರ ಹೊಣೆಯಾಗಿಸಿದೆ. ಸರಕಾರದ ನೋಟಿಸು ಬರುವವರೆಗೆ ಕಾಯುವ ಅಗತ್ಯವಿಲ್ಲ. ಅಲ್ಲಿ ದೋಷ ಕಂಡವರಿಗೆ ಪಾಲಿಕೆಯ 'ಆಪಲಾ ದವಾಖಾನಾ'ಗಳಲ್ಲಿ 147 ಬಗೆಯ ಪರೀಕ್ಷೆಗಳು ಉಚಿತ. ಸಂಜೆಯ ಮೇಲೂ ಅವು ತೆರೆದಿರುತ್ತವೆ, ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಒಂದು ಗಂಟೆ ಮಗನಿಗೆ ಕೊಟ್ಟು ಹೋಗಿಬರುವಷ್ಟು ಹೊತ್ತು.