ಕೆಲಸವಿಲ್ಲದವನಿಗೆ ಕೆಲಸವಿಲ್ಲವೇ?

ಉದ್ಯೋಗ ಕಳೆದುಕೊಂಡವನೊಬ್ಬ ಉದ್ಯೋಗ ಕೇಳಿಕೊಂಡು ಬರುತ್ತಾನೆ. ‘ನೀನೀಗ ಉದ್ಯೋಗದಲ್ಲಿಲ್ಲ, ಆದ್ದರಿಂದ ನಿನಗೆ ಉದ್ಯೋಗವಿಲ್ಲ’ ಎಂದು ಮಾಲಕ ಬಾಗಿಲು ಮುಚ್ಚುತ್ತಾನೆ. ಹಸಿದವನೊಡನೆ, ಹೊಟ್ಟೆ ತುಂಬಿಸಿಕೊಂಡು ಬಾ, ಆಮೇಲೆ ಬಡಿಸುತ್ತೇನೆ ಎನ್ನುವಂತಹ ಈ ತರ್ಕ ಕಟ್ಟುಕತೆಯೇನಲ್ಲ. 2008ರ ಆರ್ಥಿಕ ಕುಸಿತದ ಬಳಿಕ ಅಮೇರಿಕದ ಉದ್ಯೋಗ ಜಾಹೀರಾತುಗಳಲ್ಲಿ ‘ಪ್ರಸ್ತುತ ಉದ್ಯೋಗದಲ್ಲಿರುವವರು ಮಾತ್ರ ಅರ್ಜಿ ಸಲ್ಲಿಸಿ’ ಎಂಬ ಷರತ್ತು ರಾಜಾರೋಷವಾಗಿ ಅಚ್ಚಾಗುತ್ತಿತ್ತು.

2009ರ ಅಕ್ಟೋಬರ್‌ನಲ್ಲಿ ಅಲ್ಲಿನ ನಿರುದ್ಯೋಗ ಪ್ರಮಾಣ ಶೇ. 10ಕ್ಕೇರಿತ್ತು. ಮರುವರ್ಷ ನಿರುದ್ಯೋಗಿಗಳ ಪೈಕಿ ಶೇ. 40ಕ್ಕೂ ಹೆಚ್ಚು ಮಂದಿ ಆರು ತಿಂಗಳು ಮೀರಿ ಕೆಲಸ ಹುಡುಕುತ್ತಿದ್ದರು. ಇವರೆಲ್ಲ ಒಮ್ಮೆಲೇ ಸೋಮಾರಿಗಳಾದರೇ? ಹಣಕಾಸು ಸಂಸ್ಥೆಗಳು ದುರಾಸೆಯಿಂದ ಮಾಡಿದ ಅನಾಹುತಕ್ಕೆ ದುಡಿಯುವವನು ಕೆಲಸ ಕಳೆದುಕೊಂಡ. ಹಾಗೆ ಕಳೆದುಕೊಂಡದ್ದೇ ಅವನ ಅನರ್ಹತೆಯೂ ಆಯಿತು.

ಇದು ಬರಿಯ ಶಂಕೆಯಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಸಂಶೋಧಕರು ಅಮೇರಿಕದ 100 ನಗರಗಳ ಸುಮಾರು 3,000 ಉದ್ಯೋಗಗಳಿಗೆ ಸುಮಾರು 12,000 ಕಾಲ್ಪನಿಕ ಅರ್ಜಿಗಳನ್ನು ಕಳುಹಿಸಿದ್ದರು. ನಿರುದ್ಯೋಗದ ಅವಧಿ ದೀರ್ಘವಾದಂತೆ ಸಂದರ್ಶನದ ಕರೆಗಳು ಕಡಿಮೆಯಾದವು. ಮೊದಲ ಎಂಟು ತಿಂಗಳಲ್ಲಿ ಈ ಇಳಿಕೆ ತೀವ್ರವಾಗಿತ್ತು. ಅಂದರೆ ಕಾದಷ್ಟೂ ಬಾಗಿಲು ಕಿರಿದಾಗುತ್ತದೆ. ಬಾಗಿಲು ಕಿರಿದಾದಷ್ಟೂ ಕಾಯಬೇಕಾಗುತ್ತದೆ.

ಈ ಅನ್ಯಾಯಕ್ಕೆ ಕಾನೂನಿನ ಉತ್ತರವೂ ಬಂತು. 2011ರಲ್ಲಿ ನ್ಯೂಜೆರ್ಸಿ ರಾಜ್ಯವು ಇಂತಹ ಜಾಹೀರಾತುಗಳನ್ನು ನಿಷೇಧಿಸಿ, ಮೊದಲ ತಪ್ಪಿಗೆ 1,000 ಡಾಲರ್‌ವರೆಗೆ ದಂಡ ಗೊತ್ತುಪಡಿಸಿತು. 2012ರಲ್ಲಿ ಒರೆಗಾನ್ ಅದೇ ದಾರಿ ಹಿಡಿಯಿತು. ಆದರೆ ಜಾಹೀರಾತಿನ ಒಂದು ಸಾಲನ್ನು ಅಳಿಸಿದ ಮಾತ್ರಕ್ಕೆ ಮಾಲಕನ ಮನಸ್ಸಿನಲ್ಲಿರುವ ಸಾಲು ಅಳಿಯುವುದೇ? ಬಹಿರಂಗವಾಗಿದ್ದ ತಾರತಮ್ಯ ಕಡತದೊಳಗೆ ಅಡಗಿ ಕೂರುತ್ತದೆ, ಅಷ್ಟೆ.

ನ್ಯೂಯಾರ್ಕ್ ನಗರದ ಕಾನೂನು ಮುಖ್ಯವಾಗುವುದು ಇಲ್ಲಿ. 2013ರಲ್ಲಿ ಮೇಯರ್ ಮೈಕಲ್ ಬ್ಲೂಮ್‌ಬರ್ಗ್‌ರ ವೀಟೋವನ್ನು ತಳ್ಳಿಹಾಕಿ ನಗರಸಭೆ ಅಂಗೀಕರಿಸಿದ ಈ ಕಾನೂನು, ನೇಮಕಾತಿಯ ತೀರ್ಮಾನದಲ್ಲೂ ನಿರುದ್ಯೋಗವನ್ನು ಕಾರಣವಾಗಿಸಬಾರದೆಂದಿತು; ತಿರಸ್ಕೃತನಾದವನು ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನೂ ಕೊಟ್ಟಿತು. ಇದರಿಂದ ಮೊಕದ್ದಮೆಗಳ ಮಹಾಪೂರವೇ ಹರಿಯುವುದೆಂದು ವಿರೋಧಿಗಳು ಹೆದರಿಸಿದರು. ಆದರೆ ಹಿಂದಿನ ಕೆಲಸ ಬಿಟ್ಟದ್ದೇಕೆ ಎಂದು ವಿಚಾರಿಸಲು ಕಾನೂನು ಮಾಲಕನಿಗೆ ಅವಕಾಶ ಕೊಟ್ಟೇ ಇದೆ. ಕೆಲಸಕ್ಕೆ ನಿಜವಾಗಿ ಸಂಬಂಧಿಸಿದ ಕಾರಣವಿದ್ದರೆ ಅವನು ನಿರಾಕರಿಸಬಹುದು. ವಿಚಾರಿಸದೆಯೇ ಅರ್ಜಿಯನ್ನು ಬುಟ್ಟಿಗೆಸೆಯುವುದು ಮಾತ್ರ ಸಲ್ಲದು. ಇದನ್ನು ಹೊರೆ ಎನ್ನುವುದು ಹೇಗೆ? ಇಡೀ ದೇಶಕ್ಕೆ ಅನ್ವಯಿಸುವ ಇಂತಹ ನಿಷೇಧವನ್ನು 2011ರಲ್ಲಿ ಅಧ್ಯಕ್ಷ ಒಬಾಮ ಪ್ರಸ್ತಾಪಿಸಿದ್ದರಾದರೂ ಅಲ್ಲಿನ ಸಂಸತ್ತು ಅದನ್ನು ಅಂಗೀಕರಿಸಲಿಲ್ಲ.

ನಮ್ಮ ಸ್ಥಿತಿಯೇನು? ಸಂವಿಧಾನದ 16ನೇ ವಿಧಿಯು ಸಮಾನ ಅವಕಾಶದ ಖಾತ್ರಿ ನೀಡುವುದು ಸರಕಾರಿ ಹುದ್ದೆಗಳಲ್ಲಿ. ಖಾಸಗಿ ಕಂಪೆನಿಯು ನಿರುದ್ಯೋಗವನ್ನೇ ನೆಪವಾಗಿಸಿ ಅರ್ಜಿದಾರನನ್ನು ದೂರವಿಟ್ಟರೆ ಪ್ರಶ್ನಿಸಲು ಇಂತಹ ಕಾನೂನಿಲ್ಲ. ಮಕ್ಕಳ ಪಾಲನೆಗೆಂದು ಐದು ವರ್ಷ ಮನೆಯಲ್ಲಿದ್ದ ಶಿಕ್ಷಕಿ, ಗಲ್ಫ್‌ನಲ್ಲಿ ಕಂಪೆನಿ ಮುಚ್ಚಿದ್ದರಿಂದ ಊರಿಗೆ ಮರಳಿದ ಯುವಕ, ರೋಗಿ ತಂದೆಯ ಶುಶ್ರೂಷೆಗೆ ಕೆಲಸ ಬಿಟ್ಟ ಮಗ – ಇವರ ಅರ್ಜಿಯಲ್ಲಿ ಕಾಣುವ ಖಾಲಿ ವರ್ಷಗಳು ಅಪರಾಧದ ದಾಖಲೆಯಲ್ಲ. ಹಲವೊಮ್ಮೆ ಅವು ಹೊಣೆಗಾರಿಕೆಯ ದಾಖಲೆ.

ಅರ್ಹತೆಯನ್ನು ಅಳೆಯುವ ಹಕ್ಕು ಮಾಲಕನಿಗಿರಲಿ. ಆದರೆ ಅಳೆಯುವ ಮೊದಲೇ ತಳ್ಳಿಹಾಕುವ ಹಕ್ಕನ್ನು ಅವನಿಗೆ ಕೊಟ್ಟವರಾರು? ಚುನಾವಣೆ ಬಂದಾಗಲೆಲ್ಲ ಉದ್ಯೋಗದ ಭರವಸೆ ಹಂಚುವ ಪಕ್ಷಗಳು, ಇರುವ ಉದ್ಯೋಗದ ಬಾಗಿಲಾದರೂ ಎಲ್ಲರಿಗೂ ಸಮಾನವಾಗಿ ತೆರೆದಿರಬೇಕೆಂದು ಕಾನೂನು ಮಾಡಲಿ. ಅಂತಹ ಕಾನೂನು ನೊಂದವನಿಗೆ ಕಾರಣ ಕೇಳುವ ಹಕ್ಕನ್ನೂ ಕೊಡಬೇಕು. ಇಲ್ಲದಿದ್ದರೆ ಅದು ಜಾಹೀರಾತಿನ ಭಾಷೆಯನ್ನಷ್ಟೇ ತಿದ್ದೀತು.